ಮೂವತ್ತು ಶಾಂತ ದಿನಗಳು

ಪಾಪುವಿನ ಎಡಗಾಲಿನ ಬೂಟು ಹತ್ತಲಿಲ್ಲ. ಅಕ್ಕ ಲೇಸನ್ನು ಪೂರ್ತಿ ಬಿಚ್ಚಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ಇನ್ನೊಮ್ಮೆ ಒತ್ತಿದಳು. ಪಾದ ಊದಿಕೊಂಡಿತ್ತು. ಬಲಗಾಲಿನದು ಹೇಗೋ ಹೋಗಿತ್ತು. ಇದು ಹೋಗಲಿಲ್ಲ.

"ಸಾಕು ಬಿಡೇ," ಎಂದ ಅಣ್ಣ. "ನೋಡೋರಿಗೆ ಚೆನ್ನಾಗಿರಲ್ಲ."

"ನೋಡೋರು ಯಾರಿದ್ದಾರೆ?"

ಇದ್ದವರು ಒಂಬತ್ತು ಜನ. ಚಿತಾಗಾರದ ಮುಂಗೋಣೆಯ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನೆಂಟರು ನಡುನಡುವೆ ಒಂದೊಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಕೋಣೆಯ ನಡುವೆ ಕಬ್ಬಿಣದ ಗಾಡಿಯ ಮೇಲೆ ಪಾಪು ಮಲಗಿದ್ದ. ಪಾಪು ಎಂದರೆ ನಲವತ್ತಮೂರು ವರ್ಷದ ಗಂಡಸು. ಕಿವಿಯ ಮೇಲೆ ಕೂದಲು ನರೆತಿತ್ತು. ಮನೆಗೆ ಕೊನೆಯವನಾಗಿ ಹುಟ್ಟಿ, ಬುದ್ಧಿ ಆರು ವರ್ಷದ ಆಸುಪಾಸಿನಲ್ಲಿ ನಿಂತಿದ್ದರಿಂದ ಹೆಸರೂ ಅಲ್ಲೇ ನಿಂತಿತ್ತು.

ಒಳಗಿನ ಬಾಗಿಲಿನಿಂದ ಆಪರೇಟರು ತಲೆ ಹಾಕಿದ. "ಅಮ್ಮಾ, ಬೂಟು ಬೇಡ. ರಬ್ಬರ್ ತಳ ಒಳಗೆ ಬಿಡಲ್ಲ. ಹೊಗೆ ಬರುತ್ತೆ, ಮೇಲಿನವರು ಬಯ್ತಾರೆ."

"ಯಾವ ಮೇಲಿನವರು?"

"ಆಫೀಸಿನೋರು." ಅವನಿಗೆ ನಗು ಬರಲಿಲ್ಲ. "ಹನ್ನೊಂದೂವರೆ ನಿಮ್ಮದು. ಹನ್ನೆರಡೂವರೆಗೆ ಇನ್ನೊಂದಿದೆ. ಕಾಗದ ಎಲ್ಲಾ ರೆಡಿ ಇಟ್ಕೊಳ್ಳಿ."

ಅಕ್ಕ ಬಲಗಾಲಿನ ಬೂಟನ್ನೂ ಬಿಚ್ಚಿದಳು. ಎರಡನ್ನೂ ಕುರ್ಚಿಯ ಕೆಳಗೆ ಇಟ್ಟಳು.

ಕಾಗದ ರೆಡಿ ಇರಲಿಲ್ಲ. ಅದನ್ನು ಹಿಡಿದುಕೊಂಡು ಹತ್ತೂಕಾಲಿಗೆ ಮಾನಸಿಕ ಆಸ್ಪತ್ರೆಯ ಬಿಡುಗಡೆ ಅಧಿಕಾರಿ ಬಂದ. ಹುಷಾರಾದವರನ್ನು ಮನೆಗೆ ಕಳಿಸುವುದು ಅವನ ಕೆಲಸ. ಪಾಪುವನ್ನು ಅವನು ಮೂರು ವರ್ಷ ಎರಡು ತಿಂಗಳು ಕಳಿಸಿರಲಿಲ್ಲ. ಅಷ್ಟೂ ಕಾಲ ಈ ಅಧಿಕಾರಿಯನ್ನು ಕಾಣಲು ಅಕ್ಕ ಅವನ ಬಾಗಿಲಲ್ಲಿ ಕಾದಿದ್ದಳು. ಇವತ್ತು ಅವನೇ ಹುಡುಕಿಕೊಂಡು ಬಂದಿದ್ದ.

"ತಪ್ಪು ತಿಳ್ಕೋಬೇಡಿ ಮೇಡಂ. ನಿನ್ನೆ ಭಾನುವಾರ, ಗುಮಾಸ್ತರಿರಲಿಲ್ಲ. ದೇಹ ಕೊಡುವಾಗ ಒಂದು ಸಹಿ ಬಿಟ್ಟುಹೋಗಿದೆ. ಪಾಲಕರು ಅಂತ ನಿಮ್ಮ ಹೆಸರಿದೆ, ನೀವೇ ಹಾಕ್ಬೇಕು."

ಒಂದೇ ಪುಟ. ಮೃತರಿಗೆ ನೀಡಿದ ಚಿಕಿತ್ಸೆಯ ಬಗ್ಗೆ ನಮಗೆ ಯಾವ ದೂರೂ ಇರುವುದಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಒಂದು ಗುರುತು, ಅವಳ ಸಹಿಗೆ.

"ಹಾಕದಿದ್ರೆ?"

"ಹಾಕದಿದ್ರೆ ಇಲ್ಲಿ ಒಳಗೆ ತಗೊಳ್ಳಲ್ಲ. ದೇಹ ವಾಪಸ್ ಆಸ್ಪತ್ರೆಗೆ ಬರುತ್ತೆ. ಕೊಯ್ದು ನೋಡ್ತಾರೆ. ತನಿಖೆ ಅಂತ ಆಗುತ್ತೆ. ಯಾಕೆ ಸುಮ್ಮನೆ?" ಅವನು ಗಡಿಯಾರ ನೋಡಿಕೊಂಡ. "ಹನ್ನೆರಡಕ್ಕೆ ನನಗೂ ಮೀಟಿಂಗ್ ಇದೆ."

ಅವತ್ತು ಸೋಮವಾರ. ಸೋಮವಾರದ ಮೀಟಿಂಗು ಅಕ್ಕನಿಗೆ ಗೊತ್ತಿತ್ತು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವ ಮೀಟಿಂಗು.

"ಸರ್ಟಿಫಿಕೇಟಲ್ಲಿ ಹೃದಯ ನಿಂತು ಸಾವು ಅಂತ ಬರ್ದಿದ್ದೀರಿ," ಎಂದಳು.

"ಹೌದು."

"ಹೃದಯ ನಿಲ್ಲದೆ ಯಾರು ಸಾಯ್ತಾರೆ? ಹೋದ ಭಾನುವಾರ ಅವನು ಹೊಟ್ಟೆ ಹಿಡ್ಕೊಂಡು ಬಗ್ಗಿದ್ದ. ನರ್ಸಿಗೆ ಹೇಳಿ ಬಂದೆ. ಹೊಟ್ಟೆ ಯಾರು ನೋಡಿದ್ರು?"

"ಡಾಕ್ಟ್ರು ನೋಡಿರ್ತಾರೆ ಮೇಡಂ."

"ಇರ್ತಾರೆ," ಎಂದಳು ಅಕ್ಕ. ಕಾಗದವನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡಳು. ಪೆನ್ನು ತೆಗೆದುಕೊಳ್ಳಲಿಲ್ಲ.

*

ಅಕ್ಕ ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಗಾಜಿನ ಅಂಚನ್ನು ಯಂತ್ರಕ್ಕೆ ಹಿಡಿದು, ನೀರು ಬಿಡುತ್ತ, ಕೂದಲೆಳೆಯಷ್ಟು ಉಜ್ಜಿ, ಫ್ರೇಮಿಗೆ ಕೂರಿಸಿ ನೋಡಿ, ಕೂರದಿದ್ದರೆ ಮತ್ತೆ ಉಜ್ಜುವ ಕೆಲಸ. ಹನ್ನೊಂದು ವರ್ಷ ಪಾಪು ಅವಳ ಜೊತೆ ಅಲ್ಲಿಗೆ ಹೋಗಿಬರುತ್ತಿದ್ದ.

"ಕೂತ್ಕೊಳ್ಳಲಿ ಬಿಡು," ಎಂದಿದ್ದ ಮುದಿ ಮಾಲೀಕ. "ನಾನೂ ದಿನಾ ಕೂತೇ ಇರ್ತೀನಿ. ನನ್ನನ್ನ ಯಾರಾದ್ರೂ ಕೇಳ್ತಾರಾ?"

ಪಾಪು ಸುಮ್ಮನೆ ಕೂರಲಿಲ್ಲ. ತಯಾರಾದ ಕನ್ನಡಕ ಮೊದಲು ಅವನ ಕೈಗೆ ಹೋಗಬೇಕು. ಬಾಯಿಯ ಉಸಿರು ಬಿಟ್ಟು, ಬಟ್ಟೆಯಿಂದ ಸುತ್ತ ಸುತ್ತ ಒರೆಸಿ, ಬೆಳಕಿಗೆ ಹಿಡಿದು, ತಾನೇ ಗಿರಾಕಿಯ ಮೂಗಿನ ಮೇಲೆ ಏರಿಸುತ್ತಿದ್ದ. "ಕಾಣ್ತಾ?" ಹೌದು ಅಂದರೆ ನಂಬುತ್ತಿರಲಿಲ್ಲ. ಬೆರಳು ಎತ್ತಿ "ಎಷ್ಟು?" ಎನ್ನುವನು. ಅವನಿಗೆ ನಾಲ್ಕರಾಚೆ ಎಣಿಕೆ ಬಾರದು, ಹಾಗಾಗಿ ಯಾವಾಗಲೂ ಮೂರು ಇಲ್ಲವೇ ನಾಲ್ಕು. ವಯಸ್ಸಾದವರು ಬೇಕೆಂದೇ "ಐದು" ಎಂದು ಹೇಳಿ ಅವನನ್ನು ಕಾಡುತ್ತಿದ್ದರು. ಅವನು ತನ್ನ ಬೆರಳನ್ನು ತಾನೇ ನೋಡಿಕೊಂಡು ಬೆವರುತ್ತಿದ್ದ. ಆಮೇಲೆ ಅವರ ಕನ್ನಡಕ ಕಿತ್ತುಕೊಂಡು ಇನ್ನೊಮ್ಮೆ ಒರೆಸುತ್ತಿದ್ದ.

ಅಮ್ಮ ಸತ್ತ ಮೇಲೆ ಅವನು ನಿದ್ದೆ ಬಿಟ್ಟ. ಹದಿನಾರನೆಯ ದಿನ ಅಂಗಡಿಯ ಕನ್ನಡಿಗೆ ಮುಷ್ಟಿಯಿಂದ ಗುದ್ದಿದ. ಮೊಣಕೈವರೆಗೆ ರಕ್ತ. ಡಾಕ್ಟರು ಹೊಲಿಗೆ ಹಾಕಿ, "ಹದಿನೈದು ದಿನ ಇಟ್ಕೊಳ್ಳೋಣ, ನಿದ್ದೆ ಸರಿಹೋಗಲಿ" ಎಂದರು. ನಿದ್ದೆ ಹನ್ನೆರಡನೆಯ ದಿನಕ್ಕೇ ಸರಿಹೋಯಿತು. ಇಪ್ಪತ್ತನಾಲ್ಕನೆಯ ದಿನ ಫೈಲಿನಲ್ಲಿ ಬರೆದರು, ಮನೆಗೆ ಹೋಗಬಹುದು.

ಯಾವ ಮನೆಗೆ ಎಂದು ಬರೆಯಲಿಲ್ಲ. ಅಕ್ಕನದು ಮೂರನೆಯ ಮಹಡಿಯ ಒಂದೇ ಕೋಣೆ, ಹಗಲು ಯಾರೂ ಇರುವುದಿಲ್ಲ. ಇದು ನಡೆಯುವುದಿಲ್ಲ ಎಂದರು. ಮುದಿ ಮಾಲೀಕ ತೀರಿಕೊಂಡಿದ್ದ, ಹೊಸಬರಿಗೆ ಅಂಗಡಿಯಲ್ಲಿ ಪಾಪು ಬೇಡವಾಗಿದ್ದ. ಅಣ್ಣನದು ಟೈರ್ ಅಂಗಡಿಯ ಹಿಂದೆಯೇ ಮನೆ, ನೆಲಮಟ್ಟ, ಮೂರು ಕೋಣೆ. ಅಣ್ಣ ಎರಡು ಸಾಲಿನ ಕಾಗದ ಬರೆದುಕೊಟ್ಟ. ನೋಡಿಕೊಳ್ಳಲು ನಮ್ಮಲ್ಲಿ ಅನುಕೂಲವಿಲ್ಲ. ದಯವಿಟ್ಟು ಮತ್ತೆ ಕೇಳಬಾರದು.

ಕೊನೆಗೆ ಒಂದು ಪಾಲನಾ ಗೃಹದಲ್ಲಿ ಹಾಸಿಗೆ ಸಿಕ್ಕಿತು. ಅವರದು ಒಂದೇ ಷರತ್ತು. ವಾರ್ಡಿನಲ್ಲಿ ಸತತ ಮೂವತ್ತು ದಿನ ಗಲಾಟೆ ಮಾಡದೆ ಇರಬೇಕು. ನರ್ಸುಗಳ ಕೋಣೆಯಲ್ಲಿ ಮೂವತ್ತು ಚೌಕದ ಹಾಳೆ ಅಂಟಿಸಿದರು. ಶಾಂತ ದಿನಕ್ಕೆ ಹಸಿರು ಚುಕ್ಕೆ. ಗಲಾಟೆಯಾದರೆ ಹಾಳೆ ಕಿತ್ತು, ಹೊಸ ಹಾಳೆ, ಮತ್ತೆ ಒಂದರಿಂದ.

*

ವಾರ್ಡಿನ ಆಯಾ ಹತ್ತೂಮುಕ್ಕಾಲಿಗೆ ಬಂದಳು. ಮೈಮೇಲೆ ಕೆಲಸದ ನೀಲಿ ಕೋಟು ಹಾಗೇ ಇತ್ತು. ಅಧಿಕಾರಿ ಹೊರಗೆ ಫೋನಿನಲ್ಲಿದ್ದ. ಅವಳು ಅವನ ಬೆನ್ನು ನೋಡಿಕೊಂಡು, ಗೋಡೆ ಸವರಿಕೊಂಡೇ ಒಳಗೆ ಬಂದು ಪಾಪುವಿನ ಹಣೆ ಮುಟ್ಟಿದಳು.

"ಸಾಹೇಬ್ರೇ," ಎಂದಳು. "ಹೊರಟ್ರಾ?"

ಅತ್ತಿಗೆ ಅಣ್ಣನ ಕಡೆ ಬಾಗಿ, "ಯಾರಿದು?" ಎಂದಳು. ಕೇಳಲಿ ಎಂದೇ ಕೇಳಿದ್ದು.

"ವಾರ್ಡಲ್ಲಿ ಕೆಲಸ ಮಾಡ್ತೀನಮ್ಮಾ. ನಾವೆಲ್ಲಾ ಸಾಹೇಬ್ರು ಅಂತಿದ್ವಿ ಇವರನ್ನ. ಸೋಮವಾರ ಬೆಳಗಾದ್ರೆ ಸ್ನಾನ ಮಾಡಿ, ತಲೆ ಬಾಚಿ, ಬೂಟು ಹಾಕ್ಕೊಂಡು, ಚೀಲ ತೊಡೆ ಮೇಲಿಟ್ಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರೋರು. ದೊಡ್ಡ ಡಾಕ್ಟ್ರಿಗೂ ಅಂಥ ಠೀವಿ ಇಲ್ಲ. ಒಂದ್ಸಲ ಹೊಸ ನರ್ಸು ಇವರನ್ನೇ ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿ ಅಂದ್ಕೊಂಡು ಎದ್ದು ನಿಂತ್ಲು."

ಕುರ್ಚಿಗಳಲ್ಲಿ ಯಾರೋ ನಕ್ಕರು. ಅಕ್ಕನೂ ನಕ್ಕಳು. ಎರಡು ದಿನದಲ್ಲಿ ಅದು ಮೊದಲ ಸಲ.

"ನಗಿ, ನಗಿ," ಎಂದಳು ಅತ್ತಿಗೆ. "ನನ್ನ ಮಣಿಕಟ್ಟು ಮುರಿದಾಗಲೂ ಹಿಂಗೇ ನಕ್ಕಿದ್ರಿ ಎಲ್ಲಾ. ಪಾಪು ತಳ್ಳಿದ್ದಂತೆ, ಪಾಪ ಅಂತೆ. ಆರು ವಾರ ಪ್ಲಾಸ್ಟರ್ ಹಾಕ್ಕೊಂಡು ಅಡುಗೆ ಮಾಡಿದೋಳು ನಾನು. ಈಗ ಊರಿಗೆಲ್ಲಾ ಕಲ್ಲೆದೆಯೋಳು ನಾನೇ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆಯಾ ಅಕ್ಕನ ಪಕ್ಕ ಕೂತು ದನಿ ತಗ್ಗಿಸಿದಳು. "ಸಹಿ ಹಾಕಿದ್ರಾ?"

"ಇನ್ನೂ ಇಲ್ಲ."

"ಆರು ದಿನ ಸಂಡಾಸಿಗೆ ಹೋಗಿರ್ಲಿಲ್ಲ ಅಕ್ಕಾವ್ರೇ. ಚಾರ್ಟಲ್ಲಿ ಬರೀತಾ ಬಂದೆ, ಇಲ್ಲ, ಇಲ್ಲ, ಇಲ್ಲ ಅಂತ. ಹೊಟ್ಟೆ ಕಲ್ಲಾಗಿತ್ತು. ಹೇಳೋಕೆ ಬರಲ್ಲವಲ್ಲ ಅವರಿಗೆ, ತಲೇನ ಗೋಡೆಗೆ ಚಚ್ಕೊಂಡ್ರು. ಗಲಾಟೆ ಅಂತ ಬರ್ದು ಮಲಗೋ ಇಂಜೆಕ್ಷನ್ ಕೊಟ್ರು. ಎದ್ರು, ಮತ್ತೆ ಚಚ್ಕೊಂಡ್ರು. ಮತ್ತೆ ಕೊಟ್ರು. ಶುಕ್ರವಾರ ವಾಂತಿ. ಶನಿವಾರ ಅಷ್ಟೇ."

"ಆ ಚಾರ್ಟು ಎಲ್ಲಿದೆ?"

"ನಿನ್ನೆ ಜಾಗದಲ್ಲಿ ಇರ್ಲಿಲ್ಲ. ಕಾಗದ ಬದಲಾಗುತ್ತೆ ಅಕ್ಕಾವ್ರೇ, ಹೊಟ್ಟೆ ಬದಲಾಗಲ್ಲ. ಆದ್ರೆ ಒಳಗೆ ಹಾಕಿದ್ಮೇಲೆ..." ಅವಳು ಆಪರೇಟರಿನ ಬಾಗಿಲು ನೋಡಿದಳು. "ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ. ಮನೇಲಿ ದುಡಿಯೋಳು ನಾನೊಬ್ಬಳೇ."

ಅಧಿಕಾರಿ ಒಳಗೆ ಬಂದವನು ಅವಳನ್ನು ನೋಡಿ ನಿಂತ. ಬೈಯಲಿಲ್ಲ.

"ನಿಮ್ಮ ಡ್ಯೂಟಿ ಎಷ್ಟು ಗಂಟೆಗೆ ಇವತ್ತು?" ಎಂದ.

ಆಯಾ ಎದ್ದಳು. ಪಾಪುವಿನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಹನ್ನೊಂದು ಕಳೆಯಿತು. ಒಳಗಿನಿಂದ ಯಂತ್ರ ಕಾಯಿಸುವ ಸದ್ದು ಶುರುವಾಯಿತು. ನೆಂಟರಲ್ಲಿ ಇಬ್ಬರು ಕೈಗಡಿಯಾರ ನೋಡಿಕೊಂಡರು. ಅಣ್ಣ ಬಂದು ಅಕ್ಕನ ಮುಂದೆ ನಿಂತ.

"ಹಾಕೇ. ಎಲ್ಲಾ ಕಾಯ್ತಿದ್ದಾರೆ."

"ಅವನೂ ಕಾದ."

"ಮಾತಿಗೆ ಮಾತು ಬೇಡ. ಹೋದವನು ಹೋದ. ನೆಮ್ಮದಿಯಾಗಿ ಕಳಿಸಿಕೊಡೋಣ."

"ಹೊಟ್ಟೆ ಕಟ್ಟಿ ಆರು ದಿನ ನರಳಿ ಸತ್ತಿದ್ದಾನೆ. ಯಾರೂ ಮುಟ್ಟಿ ನೋಡಿಲ್ಲ. ಅದು ಗೊತ್ತಾಗ್ಬೇಕು ನನಗೆ. ಅಷ್ಟೇ."

"ಗೊತ್ತಾಗಿ?" ಅಣ್ಣನ ದನಿ ಏರಿತು. "ಎದ್ದು ಬರ್ತಾನಾ? ನಿನಗೆ ಬೇಕಾಗಿರೋದು ಅದಲ್ಲ. ಫೈಲಲ್ಲಿ ನನ್ನ ಕಾಗದ ಇದೆ. ಅದನ್ನ ನಾಲ್ಕು ಜನರ ಮುಂದೆ ಓದಿಸ್ಬೇಕು ನಿನಗೆ. ನಾನು ಅವನನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗಿದೋನು ಕಣೆ. ನೀನಿನ್ನೂ ಲಂಗದಲ್ಲಿ ಮೂಗು ಒರೆಸ್ಕೋತಿದ್ದೆ."

"ಹೊತ್ತಿದ್ದೀಯ. ಇಳಿಸಿಯೂ ಇದ್ದೀಯ."

ಅಣ್ಣ ಕೈ ಎತ್ತಿದ. ಕುರ್ಚಿಯಲ್ಲಿದ್ದ ದೂರದ ಮಾವನೊಬ್ಬ "ಏ, ಏ, ಹೆಣದ ಮುಂದೆ" ಎಂದು ಅರ್ಧ ಎದ್ದ. ಅಣ್ಣನ ಕೈ ತನ್ನದೇ ಮುಖ ಒರೆಸಿಕೊಂಡು ಕೆಳಗಿಳಿಯಿತು.

ಅಧಿಕಾರಿ ಒಂದು ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತ. ಫೈಲು ತೆರೆದ.

"ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ತನಿಖೆ ಅಂದ್ರೆ ಹೊಟ್ಟೆ ಒಂದೇ ನೋಡಲ್ಲ. ಯಾಕೆ ಇಷ್ಟು ವರ್ಷ ಬಿಡಲಿಲ್ಲ ಅಂತಾನೂ ಕೇಳ್ತಾರೆ. ಆಗ ಗಲಾಟೆ ಪಟ್ಟಿ ತೆಗೀಬೇಕಾಗುತ್ತೆ. ಒಟ್ಟು ನೂರಾ ಹನ್ನೆರಡು. ಅದರಲ್ಲಿ ತೊಂಬತ್ತೆಂಟು ಸೋಮವಾರದ್ದು."

"ಸೋಮವಾರದ್ದು?"

"ಬೆಳಗ್ಗೆಯಿಂದ ಬೂಟು ಹಾಕ್ಕೊಂಡು ಕೂರ್ತಾರೆ. ಸಂಜೆ ನಾಲ್ಕಕ್ಕೆ ಬಿಚ್ಚಿ ಅಂದ್ರೆ ಬಿಚ್ಚಲ್ಲ. ಬಿಚ್ಚಿಸೋಕೆ ಹೋದವರಿಗೆ ಒದೀತಾರೆ, ಕಚ್ತಾರೆ. ಹಾಳೆ ಮತ್ತೆ ಒಂದರಿಂದ." ಅವನು ಒಂದು ಪುಟಕ್ಕೆ ಬೆರಳಿಟ್ಟ. "ಯಾಕೆ ಸೋಮವಾರ? ಭಾನುವಾರ ನೀವು ಬಂದು 'ನಾಳೆ' ಅಂತ ಹೇಳಿ ಹೋಗ್ತಿದ್ರಿ. ನರ್ಸುಗಳು ಪ್ರತಿ ವಾರ ಬರೆದಿಟ್ಟಿದ್ದಾರೆ. ಅಕ್ಕ ಬಂದಿದ್ದರು, ನಾಳೆ ಮನೆ ಎಂದು ಹೇಳಿದರು. ಓದಿ ಬೇಕಾದ್ರೆ."

ಅಕ್ಕ ಓದಿದಳು. ಒಂದರ ಕೆಳಗೊಂದು, ಬೇರೆ ಬೇರೆ ಕೈಬರಹ, ಒಂದೇ ವಾಕ್ಯ.

*

ಭೇಟಿಯ ಹೊತ್ತು ನಾಲ್ಕರಿಂದ ಐದು. ಐದಕ್ಕೆ ಗಂಟೆ ಹೊಡೆದರೆ ಪಾಪು ಅವಳ ಮೊಣಕೈ ಹಿಡಿಯುತ್ತಿದ್ದ. ಬಿಡಿಸಿಕೊಳ್ಳಲು ಇಬ್ಬರು ಬೇಕಾಗುತ್ತಿತ್ತು.

"ಯಾವಾಗ?"

"ನಾಳೆ ಮೀಟಿಂಗ್ ಇದೆ ಪಾಪು. ನಾಳೆ ಕೇಳ್ತೀನಿ."

"ನಾಳೆ."

"ನಾಳೆ ಕೇಳ್ತೀನಿ ಅಂದೆ."

ಅಷ್ಟಾದ ಮೇಲೆ ಬೆರಳು ಒಂದೊಂದಾಗಿ ಬಿಡುತ್ತಿದ್ದವು. ಆ ಮಾತಿಲ್ಲದೆ ಬಿಡುತ್ತಿರಲಿಲ್ಲ. ಸೋಮವಾರ ಅವಳು ಅಂಗಡಿಯಿಂದ ಫೋನ್ ಮಾಡುವಳು. ಇನ್ನೂ ಆಗಿಲ್ಲ, ಗಲಾಟೆ ಮಾಡಿದ್ದಾರೆ, ಮತ್ತೆ ಒಂದರಿಂದ ಎಣಿಕೆ ಎನ್ನುವರು. ಯಾವಾಗ ಗಲಾಟೆ, ಯಾಕೆ ಗಲಾಟೆ ಎಂದು ಅವಳು ಕೇಳಿದ್ದುಂಟು. ಅವರ ಸ್ವಭಾವ ಮೇಡಂ ಎಂದಿದ್ದರು.

ಒಂದೇ ಒಂದು ಸಲ ಹಾಳೆ ಇಪ್ಪತ್ತೇಳಕ್ಕೆ ಮುಟ್ಟಿತ್ತು. ಎರಡನೆಯ ವರ್ಷ. ಅಕ್ಕನಿಗೆ ಟೈಫಾಯ್ಡ್ ಆಗಿ ಮೂರು ಭಾನುವಾರ ಹೋಗಲು ಆಗಿರಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಹೋದಳು. ಇಪ್ಪತ್ತೇಳು ಹಸಿರು ಚುಕ್ಕೆ ನೋಡಿ ನರ್ಸುಗಳ ಕೋಣೆಯಲ್ಲೇ ಅತ್ತಳು. ಒಳಗೆ ಹೋಗಿ ಅವನ ಎರಡೂ ಕೆನ್ನೆ ಹಿಡಿದು, ಇನ್ನು ಮೂರೇ ದಿನ ಪಾಪು, ನಾಳೆ ಮೀಟಿಂಗ್ ಎಂದಳು.

ಮೂರು ಅವನಿಗೆ ಎಣಿಸಲು ಬರುತ್ತಿತ್ತು. ಅವನು ಕೇಳಿಸಿಕೊಂಡದ್ದು ನಾಳೆಯನ್ನು.

*

ಅವಳು ಫೈಲು ಮುಚ್ಚಿ ವಾಪಸು ಕೊಟ್ಟಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಿಡಿದ.

"ಇದು ನಿಮಗೆ ಯಾವಾಗಿಂದ ಗೊತ್ತು?" ಎಂದಳು.

"ಏನು?"

"ಸೋಮವಾರದ್ದು."

"ಗೊತ್ತು ಅಂದ್ರೆ... ಮೊದಲನೇ ವರ್ಷದಲ್ಲೇ ಎಲ್ಲರಿಗೂ ಅಂದಾಜಾಗಿತ್ತು."

"ನನಗೆ ಹೇಳಬಹುದಿತ್ತಲ್ಲ. 'ನಾಳೆ' ಅನ್ನಬೇಡ ಅಂತ. ಒಂದು ಮಾತು."

"ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ. ಕುಟುಂಬದವರಿಗೆ ಸಲಹೆ ಕೊಡೋರು ಬೇರೆ." ಅವನು ಮುಂದೆ ಬಾಗಿದ. "ನೋಡಿ, ಸಹಿ ಹಾಕಿದ್ರೆ ಈ ಪಟ್ಟಿ ಯಾರೂ ತೆಗೆಯಲ್ಲ. ಹಾಕದಿದ್ರೆ ವರದಿಯಲ್ಲಿ ಬರೀತಾರೆ. ಅಕ್ಕನಿಂದಲೇ ತಡವಾಯ್ತು ಅಂತ. ಕಾಯಂ ಆಗಿ ಇರುತ್ತೆ ಅದು."

"ಬರೀಲಿ," ಎಂದಳು ಅಕ್ಕ.

ಕಾಗದವನ್ನು ಅವನ ಫೈಲಿನ ಮೇಲೆ ಇಟ್ಟಳು. ಸಹಿಯ ಜಾಗ ಖಾಲಿ ಇತ್ತು.

"ನಿಮ್ಮ ಹೆಸರು ಬರುತ್ತೆ ಮೇಡಂ."

"ಬರೀಲಿ ಅಂದೆ. ನನ್ನದೂ ಬರೀಲಿ, ಅಣ್ಣನದೂ ಬರೀಲಿ, ನಿಮ್ಮದೂ ಬರೀಲಿ. ಹೊಟ್ಟೆಯದು ಮೊದಲು ಬರೀಲಿ."

ಅಧಿಕಾರಿ ಗಡಿಯಾರ ನೋಡಿಕೊಂಡ. ಹನ್ನೊಂದೂ ಇಪ್ಪತ್ತು. ಫೈಲು ಕಂಕುಳಿಗೆ ಸೇರಿಸಿ, ಯಾರಿಗೂ ಹೇಳದೆ ಹೊರಟ.

ಅತ್ತಿಗೆ ಎದ್ದು ನಿಂತಳು. "ಇದೇನು, ಕಳಿಸೋಕೆ ಕರೆದು ಹೆಣ ವಾಪಸ್ ಕೊಡೋದಾ? ನಾವೆಲ್ಲಾ ಕೆಲಸ ಬಿಟ್ಟು ಬಂದಿರೋದು ಇದಕ್ಕಾ?" ನೆಂಟರು ಚಪ್ಪಲಿ ಹುಡುಕತೊಡಗಿದರು. ಮುಖ ನೋಡದೆ, ಒಬ್ಬರ ಹಿಂದೊಬ್ಬರು ಬಾಗಿಲ ಕಡೆ ಸರಿದರು.

ಅಣ್ಣ ಮಾತ್ರ ಗಾಡಿಯ ಪಕ್ಕ ನಿಂತಿದ್ದ. ಅವನ ದನಿ ಈಗ ಏರಲಿಲ್ಲ.

"ಅಲ್ಲಿಂದ ಬಿಡಿಸ್ಕೊಂಡು ಬರೋಕೆ ಮೂರು ವರ್ಷ ಒದ್ದಾಡಿದೆ ನೀನು. ನಾನು ಕೈ ಕಟ್ಕೊಂಡು ನಿಂತಿದ್ದೆ, ಒಪ್ಕೋತೀನಿ. ಈಗ ಹೊರಗೆ ಬಂದಿದ್ದಾನೆ. ಸತ್ತ ಮೇಲೂ ಅಲ್ಲಿಗೇ ಕಳಿಸ್ತೀಯಾ?"

ಪಾಪುವಿನ ಅಂಗಿಯ ಕೊನೆಯ ಗುಂಡಿ ಹೊಟ್ಟೆಯ ಉಬ್ಬಿಗೆ ಬಿಚ್ಚಿಕೊಂಡಿತ್ತು. ಅಕ್ಕ ಅದನ್ನು ಹಾಕಲು ನೋಡಿದಳು. ಎರಡು ಅಂಚು ಒಂದಕ್ಕೊಂದು ಮುಟ್ಟಲಿಲ್ಲ. ಅಣ್ಣ ಅದನ್ನು ನೋಡಿದ. ಆಮೇಲೆ ಬೇರೆ ಕಡೆ ನೋಡಿದ.

"ವ್ಯಾನಿನವನನ್ನ ಕರಿ," ಎಂದಳು.

ಆಪರೇಟರು ಬಂದು, ಕಾಗದ ಕೇಳಿ, ಇಲ್ಲವೆಂದು ತಿಳಿದು ತಲೆ ಕೆರೆದುಕೊಂಡ. "ಯಂತ್ರ ಕಾಯಿಸಿಬಿಟ್ಟಿದ್ದೀನಲ್ಲಮ್ಮಾ," ಎಂದ. ಬೇರೇನೂ ತೋಚದೆ, ಗಾಡಿ ತಳ್ಳಲು ತಾನೂ ಒಂದು ಕೈ ಹಾಕಿದ. ಹೊರಗೆ ಶವದ ವ್ಯಾನಿನ ಡ್ರೈವರು ಅದರ ನೆರಳಲ್ಲಿ ಕೂತಿದ್ದ.

"ವಾಪಸ್ಸಾ?" ಎಂದ. "ಇಷ್ಟು ವರ್ಷದಲ್ಲಿ ಇಲ್ಲಿಂದ ವಾಪಸ್ ಯಾರನ್ನೂ ಕರ್ಕೊಂಡು ಹೋಗಿಲ್ಲಪ್ಪಾ ನಾನು."

ಎತ್ತುವಾಗ ಅಣ್ಣ ಕಾಲಿನ ಕಡೆ ಹಿಡಿದ. ಪೂರ್ತಿ ಒಳಗೆ ಸರಿಯುವವರೆಗೆ ಬಿಡಲಿಲ್ಲ. ಆದರೆ ತಾನು ವ್ಯಾನು ಹತ್ತಲಿಲ್ಲ. ಅಕ್ಕ ಹಿಂದೆ, ಪಾಪುವಿನ ಪಕ್ಕದ ಉದ್ದ ಬೆಂಚಿನ ಮೇಲೆ ಕೂತಳು. ತಿರುವು ಬಂದಾಗಲೆಲ್ಲ ಅವನ ಭುಜ ಜಾರದಂತೆ ಒತ್ತಿಹಿಡಿದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕಂಬಿ ಎತ್ತಲಿಲ್ಲ. ಹೊಸಬ. ಪುಸ್ತಕ ಹಿಡಿದು ಡ್ರೈವರಿನ ಕಿಟಕಿಗೆ ಬಂದ.

"ನೋಡೋ ಹೊತ್ತು ನಾಲ್ಕಕ್ಕೆ."

"ನೋಡೋಕಲ್ಲಪ್ಪ," ಎಂದ ಡ್ರೈವರು.

"ಮತ್ತೆ? ಒಳಗೆ ಹೋಗೋರು ಎಷ್ಟು ಜನ? ಬರ್ಕೋಬೇಕು ನಾನು."

ಡ್ರೈವರು ಹಿಂದಕ್ಕೆ ತಿರುಗಿ ಅಕ್ಕನನ್ನು ನೋಡಿದ.

"ಇಬ್ಬರು," ಎಂದಳು.

ಕಾವಲುಗಾರ ಹಿಂದಿನ ಗಾಜಿಗೆ ಮುಖ ತಂದು ಒಳಗೆ ನೋಡಿದ. ಒಂದು ಕ್ಷಣ ನಿಂತ. ಆಮೇಲೆ ಪುಸ್ತಕವನ್ನು ವ್ಯಾನಿನ ಮೈಗೆ ಒತ್ತಿ ಹಿಡಿದು ಇಬ್ಬರು ಎಂದು ಬರೆದು, ಕಂಬಿ ಎತ್ತಿದ.